ಪ್ಲೀಡರ ಮನೆಯ ನಂದಾದೀಪ

ಉಫ್.

ಮೊದಲು ಜಗಲಿಯ ಕಡೆಯಿಂದ ಒಂದು. ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಇನ್ನೊಂದು. ಕಡೆಯದು ಅಡುಗೆಮನೆಯಿಂದ, ಲ್ಯಾಂಪಿನ ಗಾಜಿಗೆ ಕೈಯುಂಗುರ ತಗುಲಿದ ಸಣ್ಣ ಟಿಣ್ ಸದ್ದಿನ ಜೊತೆ. ಹೊಳೆನರಸೀಪುರದಲ್ಲಿ ನಮ್ಮ ಮನೆಗೂ ಪ್ಲೀಡರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಸಂಜೆಯ ಊಟ ಮುಗಿದದ್ದೇ ತಡ, ಪ್ಲೀಡರು ಗಾಜಿನ ಹಿಂದೆ ಅಂಗೈ ಒಡ್ಡಿ ಒಂದೊಂದೇ ದೀಪ ಊದುತ್ತ ಮನೆಯ ಮುಂದಿನಿಂದ ಹಿಂದಕ್ಕೆ ನಡೆಯುವರು. ಗೋಡೆಯ ಈಚೆ ಕೂತ ನಮಗೆ ಅವರು ಎಲ್ಲಿಗೆ ಬಂದರು ಅನ್ನೋದು ಕಿವಿಯಲ್ಲೇ ಕಾಣಿಸುತ್ತಿತ್ತು. ನಮ್ಮಪ್ಪ ಡಾಕ್ಟರು. ಯುದ್ಧದ ಸುದ್ದಿ ಓದುತ್ತ ಕೂತವರು ಪೇಪರಿನಿಂದ ತಲೆ ಎತ್ತದೆಯೇ, "ಅಡುಗೆಮನೆಯೂ ಬಿತ್ತು" ಎನ್ನುವರು.

ಆ ಮನೆಯ ಒಂದು ಕೋಣೆಯಿಂದ ಮಾತ್ರ ಆ ಸದ್ದು ಬರುತ್ತಿರಲಿಲ್ಲ. ದೇವರಮನೆಯಿಂದ. ನಾನು ಹೇಳಬೇಕಾಗಿರುವುದೂ ಆ ಕೋಣೆಯ ಕಥೆಯನ್ನೇ.

ಮೊನ್ನೆ ಹಾಸನದಿಂದ ಒಬ್ಬರು ಫೋನು ಮಾಡಿದ್ದರು. ತುಂಬಾ ಪೊಲೈಟ್ ಆಗಿ ಮಾತಾಡಿದರು. ಪ್ಲೀಡರ ನೆನಪಿಗೆ ಒಂದು ಸುವನೀರ್ ತರುತ್ತಾರಂತೆ. ಅವರ ಪಕ್ಕದ ಮನೆಯಲ್ಲಿ ಬೆಳೆದವರು ಬದುಕಿರುವುದು ನಾನೊಬ್ಬಳೇ, ಆದ್ದರಿಂದ ಒಂದು ಪುಟ ಬರೆದುಕೊಡಬೇಕಂತೆ. "ಮೇಡಂ, ಅವರು ಆ ಕಾಲಕ್ಕೇ ಗ್ರೀನ್ ಆಗಿ ಬಾಳಿದವರು. ನಂದಾದೀಪದ ಬೆಳಕಿನಲ್ಲಿ ಸೊಸೆಯನ್ನು ಓದಿಸಿದ ಮಹನೀಯರು" ಅಂದರು. ಓದಿಸಿದ ಮಹನೀಯರು. ನಾನು ಫೋನು ಹಿಡಿದುಕೊಂಡೇ ನಕ್ಕುಬಿಟ್ಟೆ. ಆ ಕಡೆಯವರು ನನಗೆ ಕೆಮ್ಮು ಬಂತು ಅಂದುಕೊಂಡು, ನೀರು ಕುಡೀರಿ ಮೇಡಂ ಅಂದರು. ಬರೆದುಕೊಡುತ್ತೇನೆ ಅಂತ ಒಪ್ಪಿದ್ದೇನೆ. ಇದೇ ಅದು. ಅಚ್ಚು ಹಾಕದಿದ್ದರೆ ಬಿಡಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಳಿತಾಯದ ಮೇಲೆ ನನಗೇನೂ ಗ್ರಡ್ಜ್ ಇಲ್ಲ. ಅಕ್ಕಿ ತೊಳೆದ ನೀರನ್ನು ಈಗಲೂ ಕರಿಬೇವಿನ ಗಿಡಕ್ಕೇ ಹಾಕುತ್ತೇನೆ. ಹಳೇ ಸೀರೆ ನನ್ನ ಮನೆಯಲ್ಲಿ ಮೊದಲು ಕೌದಿಯಾಗಿ, ಆಮೇಲೆ ಕಾಲೊರೆಸಾಗಿ, ಕೊನೆಗೆ ಮಸಿಬಟ್ಟೆಯಾಗಿಯೇ ಹೊರಗೆ ಹೋಗೋದು. ಆದರೆ ಅದೆಲ್ಲ ನಾನೇ ಮಾಡಿಕೊಳ್ಳೋದು. ಪ್ಲೀಡರ ಮನೆಯಲ್ಲಿ ಬಚ್ಚಲ ನೀರು ಬಾಳೆಗಿಡಕ್ಕೆ ತಾನಾಗಿ ನಡೆದುಕೊಂಡು ಹೋಗುತ್ತಿರಲಿಲ್ಲ.

ಆಳು ಎತ್ತರ, ತೆಳ್ಳಗೆ. ಕೆನ್ನೆಯ ಮೇಲೆ ಸಿಡುಬಿನ ಕಲೆ. ಕೋರ್ಟಿಗೆ ಹಾಕುತ್ತಿದ್ದ ಕ್ಲೋಸ್ ಕೋಟಿನ ಕಾಲರು ಸವೆದಾಗ ಅದನ್ನು ಬಿಚ್ಚಿಸಿ, ಮಗುಚಿ ಹೊಲಿಸಿ, ಇನ್ನೊಂದು ಮೈಯನ್ನು ಹೊರಗೆ ಮಾಡಿ ತೊಡುತ್ತಿದ್ದರು. ಪೆನ್ಸಿಲು ಬೆರಳಿಗೆ ಸಿಕ್ಕದಷ್ಟು ಗಿಡ್ಡವಾದರೆ ಜೊಂಡಿನ ಕಡ್ಡಿಗೆ ತುರುಕಿ ಬರೆಯುವರು. ಬಂದ ಲಕೋಟೆಯನ್ನು ಬಿಡಿಸಿ, ಒಳಗು ಹೊರಗು ಮಾಡಿ, ಗಂಜಿಯಲ್ಲಿ ಅಂಟಿಸಿ, ಕಳಿಸಿದವರಿಗೇ ವಾಪಸ್ಸು ಕಳಿಸುವರು. ಅವರ ಬಾಯಲ್ಲಿ ಸದಾ ಇದ್ದ ಇಂಗ್ಲಿಷ್ ಮಾತು ಒಂದೇ, ವೇಸ್ಟ್. ಎದುರಿಗೆ ಸಿಕ್ಕವರನ್ನು ಕಂಡರೆ ಮೊದಲು ಅವರ ಮೈಮೇಲಿನ ವೇಸ್ಟು ಹುಡುಕುವರು. ನಾನು ಹಾಸನದ ಕಾನ್ವೆಂಟಿನಿಂದ ರಜಕ್ಕೆ ಬಂದಾಗಲೆಲ್ಲ ನನ್ನ ಜಡೆ ಹಿಡಿದು ನೋಡಿ, "ಏನಮ್ಮ ಕಾನ್ವೆಂಟು, ರಿಬ್ಬನ್ನು ಗಂಟಿಗೆ ಸಾಕಾಗುವಷ್ಟಿದ್ದರೆ ಸಾಲದೇನು? ಈ ಬಾಲ ಯಾತಕ್ಕೆ?" ಎನ್ನುವರು. ನಮ್ಮ ಸಿಸ್ಟರು ಕೂಡ ಅಷ್ಟು ಹತ್ತಿರದಿಂದ ರಿಬ್ಬನ್ನು ನೋಡಿದವರಲ್ಲ.

ಮನೆಯೊಳಗಿನ ಕ್ರಮ ಹೀಗಿತ್ತು. ಸ್ನಾನದ ನೀರು ಬಾಳೆಗೆ. ಅನ್ನ ಬಸಿದ ಗಂಜಿಯಲ್ಲಿ ಅರ್ಧ ಹಸುವಿಗೆ, ಅರ್ಧ ಅವರ ಪಂಚೆಗೆ. ಹಿಂಡಿದ ನಿಂಬೆಹೋಳು ಬೂದಿಯ ಜೊತೆ ಸೇರಿ ಪಾತ್ರೆ ತಿಕ್ಕಲು. ಪಾತ್ರೆ ತೊಳೆದ ನೀರು ತಿಳಿಯಾಗುವವರೆಗೆ ಇಟ್ಟು ಅಂಗಳಕ್ಕೆ. ಹರಿದ ಗೋಣಿಯ ಒಂದೊಂದೇ ಎಳೆ ಬಿಡಿಸಿ ಹಗ್ಗ. ಲ್ಯಾಂಪಿನ ಬತ್ತಿ ಮಸಿ ಹಿಡಿದರೆ ಬಿಸಾಡುವಂತಿಲ್ಲ, ಒಗೆದು ಒಣಗಿಸಿ ಮತ್ತೆ ಏರಿಸಬೇಕು. ಬತ್ತಿ ಒಗೆದ ನೀರಿಗೆ ಆ ಮಸಿಯನ್ನೇ ಕಲೆಸಿ ಶಾಯಿ ಮಾಡಬಹುದಾ ಅಂತಲೂ ಒಮ್ಮೆ ನೋಡಿದರು. ಆಗಲಿಲ್ಲ. ಬರೆದದ್ದು ಕಕ್ಷಿಗಾರನ ಬೆವರಿಗೆ ಅಳಿಸಿಹೋಯಿತಂತೆ.

ಇಷ್ಟನ್ನೂ ಮಾಡುತ್ತಿದ್ದ ಕೈಗಳು ನಾಲ್ಕೇ. ಎರಡು ಅವರ ಹೆಂಡತಿಯವು, ಎರಡು ಸೊಸೆ ಗಿರಿಜೆಯವು. ಸಗಣಿ ಬಾಚಲು ಬರುತ್ತಿದ್ದ ನಂಜಮ್ಮ ನಮ್ಮ ಹಿತ್ತಲಿಗೆ ಬಂದು ಸೊಂಟ ನೀವಿಕೊಂಡು ಹೇಳುತ್ತಿದ್ದಳು, "ಆ ಮನೇಲಿ ಬೂದೀನೂ ಸುಮ್ನೆ ಕೂರಂಗಿಲ್ಲ ಕಣವ್ವ. ಇನ್ನು ಸೊಸೆ ಕೂತಾಳಾ?"

ಗಿರಿಜೆ ನನ್ನ ಕ್ಲಾಸ್‌ಮೇಟು. ಅರಕಲಗೂಡಿನ ಕಡೆಯವಳು, ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂತವಳು. ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮುಂಚೆಯೇ ಮದುವೆ ಮಾಡಿದರು, ಹಾಗಾಗಿ ನನ್ನ ಪಕ್ಕದ ಬೆಂಚಿನವಳು ಪಕ್ಕದ ಮನೆಯವಳಾದಳು. ಅವಳ ತಂದೆ ಬೀಗರಲ್ಲಿ ಕೇಳಿಕೊಂಡದ್ದು ಒಂದನ್ನೇ, ಹುಡುಗಿ ಪ್ರೈವೇಟಾಗಿಯಾದರೂ ಪರೀಕ್ಷೆಗೆ ಕೂರಲಿ, ಟೀಚರಾಗಬೇಕು ಅನ್ನೋದು ಅವಳ ಆಸೆ ಅಂತ. ಚಪ್ಪರದಲ್ಲಿ ಎಲ್ಲರ ಎದುರಿಗೆ ಪ್ಲೀಡರು ಒಪ್ಪಿದರು. ನಾನು ಅಲ್ಲೇ ಇದ್ದೆ. "ಓದಲಿ, ಬೇಡ ಅಂದವರು ಯಾರು? ಹಗಲು ಬೆಳಕು ದೇವರು ಕೊಟ್ಟಿದ್ದು. ಅದಕ್ಕೆ ಎಣ್ಣೆ ಹಾಕಬೇಕಾ?" ಅಂದರು. ಜನ ನಕ್ಕರು. ಎಷ್ಟು ದೊಡ್ಡ ಮನಸ್ಸು ಅಂದರು.

ಆದರೆ ಹಗಲೆಲ್ಲ ಆ ಹುಡುಗಿ ಗೋಣಿ ಬಿಡಿಸಬೇಕು, ಬತ್ತಿ ಒಗೆಯಬೇಕು, ಬೆರಣಿ ತಟ್ಟಬೇಕು, ಬಚ್ಚಲ ನೀರು ಹೊರಬೇಕು. ಹೊತ್ತು ಮುಳುಗಿ ಕೈ ಖಾಲಿಯಾಗುವ ಹೊತ್ತಿಗೆ ಉಫ್. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಬರ ಬಂದ ಮೇಲಂತೂ ಅವರಿಗೆ ಹಬ್ಬ. ಅಲ್ಲಿಯವರೆಗೆ ಜಿಪುಣತನ ಅನ್ನಿಸಿಕೊಂಡಿದ್ದದ್ದು ರಾತ್ರಿ ಬೆಳಗಾಗುವುದರಲ್ಲಿ ದೇಶಸೇವೆಯಾಯಿತು. ಅವರು ಇನ್ನೊಂದು ಮಾತನ್ನೂ ಸೇರಿಸಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ಮಗ ಮುಂದಿನ ಬೇಸಿಗೆಗೆ ಕೆಲಸಕ್ಕೆ ಸೇರುತ್ತಾನೆ, ಸೊಸೆ ಸಂಸಾರ ಹೂಡಲು ಹೋಗಬೇಕು, ಪರೀಕ್ಷೆ ಆದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ. ಗಿರಿಜೆಗಿದ್ದದ್ದು ಅದೊಂದೇ ಸಲ.

ನಡುವೆ ಹುಲ್ಲುಪೆಟ್ಟಿಗೆಯ ಕಥೆ ಹೇಳದಿದ್ದರೆ ಮನುಷ್ಯ ಯಾವ ತರಹದವರು ಅನ್ನೋದು ತಿಳಿಯುವುದಿಲ್ಲ. ಎಲ್ಲೋ ಇಂಗ್ಲಿಷ್ ಪೇಪರಿನಲ್ಲಿ ಓದಿದರು, ಮರದ ಪೆಟ್ಟಿಗೆಗೆ ಭತ್ತದ ಹುಲ್ಲು ಒತ್ತಿ ತುಂಬಿ, ಒಂದು ಕುದಿ ಬಂದ ಪಾತ್ರೆಯನ್ನು ಅದರೊಳಗೆ ಹುದುಗಿಸಿ ಮುಚ್ಚಿದರೆ ಒಲೆಯಿಲ್ಲದೆಯೇ ಬೇಯುತ್ತೆ, ಸೌದೆ ಉಳಿಯುತ್ತೆ ಅಂತ. ಮಾಡಿಸಿದರು. ಹಾಸನದ ಲೇಡೀಸ್ ಕ್ಲಬ್ಬಿನಲ್ಲಿ ಡೆಮಾನ್‌ಸ್ಟ್ರೇಷನ್ ಏರ್ಪಾಡಾಯಿತು. ಗಿರಿಜೆಯ ಜೊತೆಗಿರಲಿ ಅಂತ ನನ್ನನ್ನೂ ಕರೆದುಕೊಂಡು ಹೋದರು. ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು. ಪ್ರತಿ ದಿಣ್ಣೆಗೂ ನಿಂತು ಕೆಮ್ಮುವುದು. ಪೆಟ್ಟಿಗೆಯನ್ನು ಪ್ಲೀಡರು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು.

ಕ್ಲಬ್ಬಿನಲ್ಲಿ ದೊಡ್ಡ ಆಫೀಸರುಗಳ ಹೆಂಡತಿಯರೆಲ್ಲ ಕೂತಿದ್ದರು. ಪ್ಲೀಡರು ಎಕಾನಮಿಯ ಮೇಲೆ ಉದ್ದಕ್ಕೆ ಮಾತಾಡಿ, ಕೊನೆಗೆ ಮುಚ್ಚಳ ತೆಗೆದರು. ಬುಸ್ ಅಂತ ಹಬೆ. ಅನ್ನ, ತೊಗರಿಬೇಳೆ, ಎಲ್ಲ ಹದವಾಗಿ ಬೆಂದಿದೆ. ಚಪ್ಪಾಳೆ. ಒಬ್ಬಾಕೆ, ಬೇಳೆಯೂ ಇದರಲ್ಲೇ ಬೆಂದಿತಾ ಅಂತ ಕೇಳಿದಳು. "ಬೇಳೆ ಏನು ತಾಯಿ, ಕಲ್ಲು ಹಾಕಿ, ಬೇಯುತ್ತೆ" ಅಂದರು. ಗಿರಿಜೆ ನನ್ನ ಕಿವಿಯಲ್ಲಿ, "ಕೋಳಿ ಕೂಗೋಕೆ ಮುಂಚೆ ಎದ್ದು ಒಲೆ ಮೇಲೆ ಬೇಯಿಸಿದ್ದು ಕಣೇ. ಪೆಟ್ಟಿಗೇಲಿ ಇಟ್ಟಿದ್ದು ಬೇಯಲೇ ಇಲ್ಲ, ಮತ್ತೆ ಒಲೆಗೇರಿಸಿದ್ವಿ. ಒಂದು ವಾರದ ಸೌದೆ ಇವತ್ತೇ ಸುಟ್ಟಿದೀವಿ" ಅಂದಳು. ಅವಳ ಅಂಗೈ ನೋಡಿದರೆ ಮಸಿಯಿನ್ನೂ ಹೋಗಿರಲಿಲ್ಲ.

ಫೇರ್ ಆಗಿ ಹೇಳಬೇಕೆಂದರೆ, ಪೆಟ್ಟಿಗೆ ಬಿಸಿ ಕಾದಿತ್ತು. ಕೆಮ್ಮುವ ಬಸ್ಸಿನಲ್ಲಿ ಹಾಸನದವರೆಗೂ ಬಂದ ಅನ್ನ ಸುಡುತ್ತಿತ್ತು. ಅಷ್ಟನ್ನೇ ಹೇಳಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಹಂಬಗ್ ಅನ್ನೋ ಪದವನ್ನು ಸಿಸ್ಟರು ನಮಗೆ ಡಿಕ್ಷನರಿಯಲ್ಲಿ ತೋರಿಸಿದ್ದರು. ಅರ್ಥ ನನಗೆ ಆವತ್ತು ತಿಳಿಯಿತು.

ಈಗ ದೇವರಮನೆ.

ಪ್ಲೀಡರು ಮಗುವಾಗಿದ್ದಾಗ ಸಿಡುಬು ಬಂದು, ಉಳಿಯುವುದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದರಂತೆ. ಅವರ ತಾಯಿ, ಮಗು ಉಳಿದರೆ ಈ ಮನೆಯಲ್ಲಿ ಶಿವನ ಮುಂದೆ ದೀಪ ಆರಲು ಬಿಡೊಲ್ಲ ಅಂತ ಹರಕೆ ಹೊತ್ತರು. ಮಗು ಉಳಿಯಿತು. ಆವತ್ತು ಹೊತ್ತಿಸಿದ ನಂದಾದೀಪ ನಾನು ನೋಡುವ ಕಾಲಕ್ಕೂ ಉರಿಯುತ್ತಿತ್ತು. ಅದಕ್ಕೆ ಮನೆಯ ಹೊಲದ ಹರಳಿನಿಂದ ತೆಗೆಸಿದ ಎಣ್ಣೆ. ತಾಯಿಯ ಹರಕೆ, ಮೇಲಾಗಿ ತಮ್ಮದೇ ಪ್ರಾಣದ ಬೆಲೆ, ಊದುವುದು ಹೇಗೆ? ಅದಕ್ಕೂ ಅವರೊಂದು ಉಪಯೋಗ ಕಂಡುಹಿಡಿದಿದ್ದರು. ಬೆಳಿಗ್ಗೆ ಒಲೆ ಹೊತ್ತಿಸಲು, ಸಂಜೆ ಲ್ಯಾಂಪು ಹೊತ್ತಿಸಲು, ಒಣಗಿದ ತೆಂಗಿನಗರಿಯ ಸೀಳಿಗೆ ನಂದಾದೀಪದಿಂದಲೇ ಬೆಂಕಿ ತರಬೇಕು. ಆ ಮನೆಗೆ ಬೆಂಕಿಪೊಟ್ಟಣ ಬರುವಂತಿಲ್ಲ. ಮರೆತು ಯಾರಾದರೂ ಕಡ್ಡಿ ಗೀರಿದರೆ, ಜಗಲಿಯಲ್ಲಿ ಕಕ್ಷಿಗಾರರ ನಡುವೆ ಕೂತವರಿಗೂ ಕೇಳಿಸುವುದು. "ಕಡ್ಡಿ ಯಾಕೆ ಗೀರಿದ್ದು? ನಂದಾದೀಪದಿಂದ ಹೊತ್ತಿಸ್ಕೋಬಾರದಾ?" ಅಂತ ಅಲ್ಲಿಂದಲೇ ಕೂಗುವರು.

ಅವರ ಹೆಂಡತಿ ಮಾತ್ರ ಒಂದು ಬೆಂಕಿಪೊಟ್ಟಣವನ್ನು ವಿಭೂತಿ ಬುಟ್ಟಿಯ ಹಿಂದೆ ಬಚ್ಚಿಟ್ಟಿದ್ದರು. ಎಂದಾದರೂ ಗಾಳಿಗೆ ದೀಪ ನಂದಿದರೆ ಗಂಡನಿಗೆ ಗೊತ್ತಾಗುವುದರೊಳಗೆ ಹೊತ್ತಿಸಬೇಕಲ್ಲ. ಕೊರವಂಗಲದ ಹೆಣ್ಣುಮಗಳು ಆಕೆ. ಓದು ಬರದು. ಮಾತು ಕಮ್ಮಿ. ಗಿರಿಜೆಗೆ ಹೇಗೋ ಹಾಗೆ ನಾನೂ ಅತ್ತೆ ಅಂತಲೇ ಕರೆಯುತ್ತಿದ್ದೆ.

ಗಿರಿಜೆಗೆ ಉಪಾಯ ಹೊಳೆದದ್ದು ಅಲ್ಲೇ. ಮನೆಯ ದೀಪಗಳೆಲ್ಲ ಆರಿದ ಮೇಲೂ ಉರಿಯುವ ದೀಪ ಒಂದಿದೆ, ಅದನ್ನು ಊದುವ ಎದೆ ಮಾವನಿಗಿಲ್ಲ. ನನ್ನ ಆಲ್ಜೀಬ್ರ, ಜಾಮಿಟ್ರಿ, ಇಂಗ್ಲಿಷ್ ಟೆಕ್ಸ್ಟು, ಎಲ್ಲ ಹಿತ್ತಲ ಗೋಡೆಯ ಮೇಲಿಂದ ಆಚೆಗೆ ಹೋದವು. ನಾನು ಪಾಸಾಗಿ, ಮದುವೆಗೆ ಕಾಯುತ್ತ ಮನೆಯಲ್ಲಿ ಕೂತಿದ್ದೆ, ಅವಳಿಗೆ ಹೇಳಿಕೊಡಲು ನನಗೆ ಬೇಕಾದಷ್ಟು ಹೊತ್ತಿತ್ತು. ಅವಳು ದೇವರಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ, ದೀಪದ ಕಂಬದ ಮಗ್ಗುಲಿಗೆ ಪುರಾಣದ ಪುಸ್ತಕವಿಡುವ ವ್ಯಾಸಪೀಠ ಎಳೆದುಕೊಂಡು, ಅದರ ಮೇಲೆ ಆಲ್ಜೀಬ್ರ ಇಟ್ಟುಕೊಂಡು ಕೂರುವಳು. ಹಿಂದಿನಿಂದ ನೋಡಿದವರಿಗೆ ಹಣೆಯ ವಿಭೂತಿ ಕಾಣದಿದ್ದರೂ ಹೊದ್ದ ಸೆರಗು, ಬಾಗಿದ ತಲೆ ಕಾಣುವುದು, ಪಿಸುಪಿಸು ಜಪ ಕೇಳುವುದು. ತುಟಿಯ ಮೇಲಿದ್ದದ್ದು ಫಾರ್ಮುಲ.

ಮಾವ ದೀಪ ಊದುತ್ತ ಬಂದವರು ಒಂದು ಸಂಜೆ ಬಾಗಿಲಲ್ಲಿ ನಿಂತರಂತೆ. ನೋಡಿದರಂತೆ. ಕೈಮುಗಿದು ಹೊರಟುಹೋದರಂತೆ.

ಮಾರನೆಯ ದಿನ ಕೋರ್ಟಿನ ಜಗಲಿಯಲ್ಲಿ ಅದೇ ಮಾತು. ನಮ್ಮ ಸೊಸೆಯದು ಎಂಥ ನಿಷ್ಠೆ ಗೊತ್ತಾ, ಊಟವಾದ ಮೇಲೆ ದೇವರ ಮುಂದೆ ಕೂತರೆ ಲೋಕದ ಪರಿವೆಯಿಲ್ಲ, ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದವಳು ನೋಡಿ, ನಮ್ಮ ಮನೆಯ ನೀರು ಕುಡಿದ ಮೇಲೆ ಹೀಗಾದಳು. ಎಣ್ಣೆಯ ಒಂದು ತೊಟ್ಟನ್ನೂ ಪುಕ್ಕಟೆ ಬಿಡದ ಮನುಷ್ಯ ಸೊಸೆಯ ಭಕ್ತಿಯನ್ನು ಸುಮ್ಮನೆ ಬಿಟ್ಟಾರಾ? ಊರಿಡೀ ಹಂಚಿದರು.

ಆಮೇಲೆ ನಡೆದದ್ದು ಫಾರ್ಸು. ಮೊದಲು ಒಬ್ಬ ಮುದುಕಿ ಬಂದು ಗಿರಿಜೆಯ ಕಾಲು ಮುಟ್ಟಿದಳು. ಆಮೇಲೆ ಅಕ್ಕಸಾಲಿಗರ ಮನೆಯವಳು ಜ್ವರದ ಮಗುವನ್ನು ತಂದು, ನಿನ್ನ ಕೈಯಿಂದ ವಿಭೂತಿ ಇಡು ತಾಯಿ ಅಂದಳು. ಗಿರಿಜೆ ಹೆದರಿಕೊಂಡೇ ಇಟ್ಟಳು. ಸಂಜೆಗೆ ಜ್ವರ ಬಿಟ್ಟಿತು. ಬಿಡಲೇಬೇಕು, ಬೆಳಿಗ್ಗೆ ಆ ಮಗುವಿಗೆ ಮಿಕ್ಸ್ಚರ್ ಕೊಟ್ಟವರು ನಮ್ಮಪ್ಪ. ಆದರೆ ಮಿಕ್ಸ್ಚರಿಗೆ ಯಾರು ಕೈಮುಗಿಯುತ್ತಾರೆ? ದೀಪ ಹಚ್ಚುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಹೂವು ಹಿಡಿದು ಪ್ಲೀಡರ ಮನೆಗೆ ಬರತೊಡಗಿದರು. ನಂದಾದೀಪದ ಸುತ್ತ ಭಜನೆ ಶುರುವಾಯಿತು. ನಡುವೆ ಗಿರಿಜೆ. ಪ್ಲೀಡರಿಗೆ ಪರಮ ಸಂತೋಷ, ಇಷ್ಟು ಜನಕ್ಕೆ ಒಂದೇ ದೀಪ ಸಾಕಾಗುತ್ತಿದೆಯಲ್ಲ.

ಅವಳಿಗೆ ಸಿಕ್ಕಿದ್ದ ಒಂದೇ ಬೆಳಕೂ ಹೋಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಹಿತ್ತಲ ಗೋಡೆಗೆ ಕೆನ್ನೆಯಿಟ್ಟು ನಿಂತು ಗಿರಿಜೆ, "ನಾಳೆಯಿಂದ ನಾನು ನಾಸ್ತಿಕಳಾಗ್ತೀನಿ ಕಣೇ" ಅಂದಳು. ನಗುತ್ತ ಶುರು ಮಾಡಿದ ಮಾತು, ಮುಗಿಯುವಾಗ ಅಳುತ್ತಿದ್ದಳು.

ಅತ್ತೆ ಬಾವಿಕಟ್ಟೆಯ ಹತ್ತಿರ ಗೋಣಿ ಎಳೆ ಬಿಡಿಸುತ್ತ ಕೂತಿದ್ದವರು ಕೇಳಿಸಿಕೊಂಡರೋ ಏನೋ. ಆವತ್ತು ಸಂಜೆ ಹೆಂಗಸರು ಬರುವ ಹೊತ್ತಿಗೆ ದೇವರಮನೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲಿಗೆ ಅಡ್ಡವಾಗಿ ಅತ್ತೆ ಕೂತಿದ್ದರು. ನಾನೂ ಹೂವಿನ ನೆಪದಲ್ಲಿ ಹೋಗಿದ್ದೆ. ಅಷ್ಟು ಉದ್ದನೆಯ ಮಾತು ಅವರ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಅವ್ಳು ಮೌನ ಹಿಡ್ದವ್ಳೆ ಕಣ್ರವ್ವ. ಸಿವರಾತ್ರಿ ಕಳ್ಯೋಗಂಟ ಯಾರೂವೆ ಒಳೀಕ್ ಓಗಂಗಿಲ್ಲ. ನಿಮ್ ನಿಮ್ ಮನೇಲೇ ಪದ ಯೋಳ್ಕಳಿ, ಸಿವ ಅಲ್ಗೂ ಬತ್ತಾನೆ."

ಮೌನವ್ರತ ಅಂದ ಮೇಲೆ ಎದುರಾಡುವವರು ಯಾರು? ಹೆಂಗಸರು ಹೊಸ್ತಿಲಿಗೇ ಹೂವಿಟ್ಟು ಹೋದರು. ಪ್ಲೀಡರಿಗೆ ಇನ್ನಷ್ಟು ಹೆಮ್ಮೆ. ಮಾತೂ ಉಳಿತಾಯವಾಯಿತಲ್ಲ.

ಬತ್ತಿ ದಪ್ಪಗಾಯಿತು. ಸಣ್ಣ ಬತ್ತಿಗೆ ಜಾಮಿಟ್ರಿಯ ಗೆರೆ ಕಾಣುವುದಿಲ್ಲ. ಪ್ಲೀಡರು ದೀಪಕ್ಕೆ ಕೊಡುತ್ತಿದ್ದದ್ದು ಅಳತೆಯ ಎಣ್ಣೆ, ಅದು ಸಾಲದು. ಅಂಗಡಿಯಿಂದ ತರುವಂತಿಲ್ಲ. ಆದರೂ ದೀಪ ಉರಿಯುತ್ತಲೇ ಇತ್ತು. ನನಗೆ ಕಂಡದ್ದು ಅತ್ತೆಯ ತಲೆ. ಆ ಚಳಿಗಾಲದಲ್ಲಿ ಅವರ ಕೂದಲು ದಿನದಿನಕ್ಕೆ ಒಣಗಿ ತೆಂಗಿನ ನಾರಿನಂತಾಗುತ್ತ ಹೋಯಿತು. ತಲೆಗೆ ಹಚ್ಚಿಕೊಳ್ಳಲು ಅಂತ ಅವರಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಹರಳೆಣ್ಣೆಯನ್ನು ದೀಪಕ್ಕೆ ಸುರಿಯುತ್ತಿದ್ದರು. ನಮ್ಮಪ್ಪ ಒಮ್ಮೆ, ಏನಮ್ಮ ತಲೆ ಹೀಗಾಗಿದೆ, ಮೈ ಹುಷಾರಿಲ್ಲವಾ ಅಂತ ಕೇಳಿದಾಗ, ವಯಸ್ಸಾಯಿತಲ್ಲ ಡಾಕ್ಟ್ರೇ ಅಂದು ಸೆರಗು ಎಳೆದುಕೊಂಡರು.

ಸುವನೀರಿನವರು ಅವರ ಬಗ್ಗೆ ಏನೂ ಕೇಳಲಿಲ್ಲ. ಅವರ ಹೆಸರೂ ಗೊತ್ತಿದ್ದ ಹಾಗಿಲ್ಲ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಊರಿಗೆ ಹೊಸ ಮುನ್ಸೀಫರು ಬಂದರು. ಅವರ ವಯಸ್ಸಾದ ತಾಯಿಗೆ ಪ್ಲೀಡರ ಸೊಸೆಯ ಸುದ್ದಿ ಮುಟ್ಟಿತು. ದರ್ಶನ ಮಾಡಬೇಕು ಅಂದರು. ತಾವು ದಿನಾ ಕೈಕಟ್ಟಿ ನಿಲ್ಲುವ ಜಡ್ಜು ತಾಯಿಯನ್ನು ಕರೆದುಕೊಂಡು ತಮ್ಮ ಮನೆಗೇ ಬರುತ್ತಾರೆ ಅಂದರೆ ಪ್ಲೀಡರು ನೆಲದ ಮೇಲಿರುತ್ತಾರಾ? ಮನೆಯವರಿಗೊಂದು ಮಾತೂ ಹೇಳದೆ, ಸಂಜೆ ಅವರಿಬ್ಬರನ್ನು ನೇರ ದೇವರಮನೆಗೇ ಕರೆತಂದು ಬಾಗಿಲು ತಳ್ಳಿದರು.

ಒಳಗೆ ಗಿರಿಜೆಯ ಪಕ್ಕ, ಲೆಕ್ಕ ಹೇಳಿಕೊಡುತ್ತ, ನಾನೂ ಇದ್ದೆ. ವ್ಯಾಸಪೀಠದ ಮೇಲೆ ದೊಡ್ಡ ತ್ರಿಕೋನ ಬಿಚ್ಚಿಕೊಂಡಿತ್ತು. ವಿಭೂತಿ ಬುಟ್ಟಿಯ ಪಕ್ಕ ಕಂಪಾಸು ಬಾಕ್ಸು. ಅತ್ತೆ ಮೂಲೆಯಲ್ಲಿ ದೀಪಕ್ಕೆ ಎಣ್ಣೆ ಬಗ್ಗಿಸುತ್ತಿದ್ದವರು ಹಾಗೇ ಕೈ ತಡೆದು ನಿಂತರು.

ಮುನ್ಸೀಫರು ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಇದು ಪೈಥಾಗೊರಸ್ ಥಿಯರಮ್ ಅಲ್ಲವೇ?" ಅಂದರು.

ಮುಗಿಯಿತು, ಪುಸ್ತಕ ಬಚ್ಚಲೊಲೆಗೆ, ಪರೀಕ್ಷೆಯೂ ಅದರ ಹಿಂದೆಯೇ ಅಂದುಕೊಂಡೆ. ಪ್ಲೀಡರು ತ್ರಿಕೋನ ನೋಡಿದರು, ಹೆಂಡತಿಯ ಕೈಯ ಎಣ್ಣೆ ನೋಡಿದರು, ಮುನ್ಸೀಫರನ್ನು ನೋಡಿದರು.

"ನೋಡಿದಿರಾ ಸಾರ್" ಅಂದರು. "ದೇವರಿಗೆ ಅಂತ ಹೇಗೂ ಉರಿಯೋ ದೀಪ. ಅದೇ ಬೆಳಕಲ್ಲಿ ವಿದ್ಯೆಯೂ ಆಗಲಿ ಅಂತ ನಾನೇ ಕೂರಿಸಿದೀನಿ. ಒಂದು ದೀಪ, ಎರಡು ಕೆಲಸ. ವೇಸ್ಟ್ ಅನ್ನೋದೇ ಇಲ್ಲ."

ಹೌ ಕ್ವಿಕ್! ಇಷ್ಟು ವಯಸ್ಸಾದ ಮೇಲೂ ಅದನ್ನು ನೆನೆದರೆ ನನಗೆ ಆಶ್ಚರ್ಯ. ಆ ತಲೆಯನ್ನು ಕಕ್ಷಿಗಾರರಿಗಾಗಿ ಉಪಯೋಗಿಸಿದ್ದರೆ ಒಂದು ಕೇಸೂ ಸೋಲುತ್ತಿರಲಿಲ್ಲ.

ಮುನ್ಸೀಫರು ನಂಬಿದರೋ ಬಿಟ್ಟರೋ ಹೇಳಲಾರೆ. ಗಿರಿಜೆಯ ಕಡೆ ತಿರುಗಿ, "ಪರೀಕ್ಷೆ ಯಾವಾಗಮ್ಮ?" ಅಂದರು. ಗಿರಿಜೆ ಮೌನವ್ರತ ಮರೆತು, "ಬರೋ ತಿಂಗಳು ಸಾರ್, ಹಾಸನದಲ್ಲಿ" ಅಂದುಬಿಟ್ಟಳು. ಅವರ ತಾಯಿ, ಅಯ್ಯೋ ಮೌನ ಅಂದಿದ್ದರಲ್ಲ ಅಂದರು. "ಈಗ್ ಮುಗೀತು ಕಣ್ರವ್ವ" ಅಂದು ಅತ್ತೆ ಎಣ್ಣೆ ಬಗ್ಗಿಸುವುದನ್ನು ಮುಂದುವರಿಸಿದರು.

ಆಮೇಲೆ ಪ್ಲೀಡರಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಮುನ್ಸೀಫರು ಕೋರ್ಟಿನಲ್ಲಿ ಕಂಡಾಗಲೆಲ್ಲ, ಸೊಸೆಯ ಓದು ಎಲ್ಲಿಗೆ ಬಂತು ಅಂತ ಕೇಳುವರು. ಪ್ಲೀಡರೇ ಅವಳನ್ನು ಹಾಸನದ ರೈಲು ಹತ್ತಿಸಿದರು. ಪರೀಕ್ಷೆಯ ಹಾಲ್‌ನಲ್ಲಿ ಬರೆದುಳಿದ ರಫ್ ಕಾಗದ ವಾಪಸ್ಸು ತಾ ಅಂತಲೂ ಹೇಳಿ ಕಳಿಸಿದರು. ಗಿರಿಜೆ ಪಾಸಾದಳು, ಲೆಕ್ಕದಲ್ಲಿ ನನ್ನನ್ನು ಮೀರಿಸಿ. ಆಮೇಲೆ ಚನ್ನರಾಯಪಟ್ಟಣದಲ್ಲಿ ಗಂಡನಿಗೆ ಕೆಲಸವಾಯಿತು, ಅಲ್ಲೇ ಇವಳು ಟೀಚರಾದಳು. ಪ್ಲೀಡರು ಹಿರೀಸಾವೆಯವರೆಗೂ ಹೋಗಿ "ಒಂದು ದೀಪ, ಎರಡು ಕೆಲಸ" ಅಂತ ಭಾಷಣ ಮಾಡಿ ಬಂದರು. ಚಪ್ಪಾಳೆಯೆಲ್ಲ ಅವರಿಗೇ. ಸುವನೀರಿನವರಿಗೆ ಈಗ ಮುಟ್ಟಿರುವುದು ಆ ಭಾಷಣ.

ಯುದ್ಧ ಮುಗಿಯಿತು. ನನ್ನ ಮದುವೆಯೂ ಆಯಿತು. ಅತ್ತೆ ಒಂದು ಮಾಘದ ಚಳಿಯಲ್ಲಿ, ಯಾರಿಗೂ ತೊಂದರೆ ಕೊಡದೆ, ಹೋಗಿಬಿಟ್ಟರು. ನಮ್ಮಪ್ಪನಿಗೆ ವರ್ಗವಾಗಿ ಮನೆ ಖಾಲಿ ಮಾಡುವಾಗ ನಾನು ಸಾಮಾನು ಕಟ್ಟಲು ಬಂದಿದ್ದೆ. ಹೊರಡುವ ಹಿಂದಿನ ಸಂಜೆ, ಹೇಳಿಹೋಗೋಣ ಅಂತ ಪಕ್ಕದ ಮನೆಗೆ ಹೋದೆ.

ಅಷ್ಟರಲ್ಲಿ ಆ ಬೀದಿಗೆ ಕರೆಂಟು ಬಂದಿತ್ತು. ಪ್ಲೀಡರು ಒಂದೇ ಬಲ್ಬು ಹಾಕಿಸಿದ್ದರು. ಜಗಲಿಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಕಂಡಿ ಕೊರೆಸಿ, ಎರಡೂ ಕಡೆಗೆ ಬೆಳಕು ಬೀಳುವ ಹಾಗೆ ಆ ಕಂಡಿಯಲ್ಲಿ ತೂಗುಹಾಕಿಸಿದ್ದರು. ಬೆಳಕು ಎರಡು ಕಡೆಯೂ ಗೋಡೆಯ ಮೇಲಣ ಅರ್ಧಕ್ಕೆ ಬೀಳುತ್ತಿತ್ತು. ಕೆಳಗೆ ಕೂತ ಮನುಷ್ಯನ ಮುಖ ಕಾಣುತ್ತಿರಲಿಲ್ಲ. ಆ ಕತ್ತಲಿಂದಲೇ, "ಏನಮ್ಮ ಕಾನ್ವೆಂಟು, ನಿಮ್ಮ ಯಜಮಾನರ ಮನೆಯಲ್ಲಿ ಎಷ್ಟು ಬಲ್ಬು?" ಅಂದರು. ಬೇಕಾದಷ್ಟು ಅಂದೆ. ತಲೆಯಾಡಿಸಿದ್ದು ನೆರಳಿನಲ್ಲಿ ತಿಳಿಯಿತು. ಸಣಕಲಾಗಿದ್ದರು. ಊಟ ಹೋಟೆಲಿನಿಂದ ಕ್ಯಾರಿಯರಿನಲ್ಲಿ ಬರುತ್ತದೆ ಅಂದರು. ಗಿರಿಜೆ ಬಂದು ಇರಿ ಅಂತ ಕರೆಯುತ್ತಾಳಂತೆ. ಎರಡು ಕಡೆ ಸಂಸಾರ ವೇಸ್ಟು, ಆದರೆ ಈ ಮನೆ ಬಿಟ್ಟು ಹೋಗಲಾರೆ ಅಂದರು. ನನಗೆ ಸ್ವಲ್ಪ ಕರುಣೆ ಬಂತು. ತುಂಬಾ ಹೊತ್ತು ನಿಲ್ಲಲಿಲ್ಲ ಅದು.

ಹೆಣ್ಣುಮಕ್ಕಳು ಕುಂಕುಮವಿಲ್ಲದೆ ಹೋಗಬಾರದು, ಒಳಗೆ ಬಾ, ನೀನೇ ಇಟ್ಟುಕೋ ಅಂದು ದೇವರಮನೆಗೆ ಕರೆದೊಯ್ದರು. ನಂದಾದೀಪ ಸಣ್ಣಗೆ ಉರಿಯುತ್ತಿತ್ತು. ವ್ಯಾಸಪೀಠ ಗೋಡೆಗೆ ಒರಗಿತ್ತು. ನಾನು ಕುಂಕುಮ ಇಟ್ಟುಕೊಂಡು ಕೈಮುಗಿದೆ. ಅವರು ದೀಪವನ್ನೇ ನೋಡುತ್ತ ನಿಂತಿದ್ದರು.

"ಇನ್ನು ಇದು ಯಾತಕ್ಕೆ?" ಅಂದರು. ನನ್ನನ್ನು ಕೇಳಿದ್ದಲ್ಲ ಅದು. "ಓದೋರಿಲ್ಲ. ಒಲೆ ಹೊತ್ತಿಸೋರಿಲ್ಲ. ದಂಡಕ್ಕೆ ಉರೀತಿದೆ."

ನಾನು ಬಾಯಿ ತೆರೆಯುವುದರಲ್ಲಿ ಅವರ ಅಂಗೈ ದೀಪದ ಹಿಂದಕ್ಕೆ ಹೋಗಿತ್ತು.

ಉಫ್.

ಎಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ ಸದ್ದು. ಅಷ್ಟು ಹತ್ತಿರದಿಂದ, ಆ ಕೋಣೆಯಲ್ಲಿ, ಅದೊಂದೇ ಸಲ ಕೇಳಿದ್ದು. ಬತ್ತಿಯ ಕಮಟು ಹೊಗೆ. ಕಂಡಿಯ ಬಲ್ಬಿನ ಬೆಳಕು ಇಲ್ಲಿಯವರೆಗೆ ಬರುವಂತಿರಲಿಲ್ಲ. ಕತ್ತಲೆಂದರೆ ಕತ್ತಲು. ಅವರು ತಿರುಗಿ ಹೆಜ್ಜೆಯಿಟ್ಟದ್ದು, ಕಾಲು ಹೊಸ್ತಿಲಿಗೆ ತಗುಲಿದ್ದು, ಗೋಡೆ ಹುಡುಕುವ ಕೈಯ ಪರಪರ, ಎಲ್ಲ ಕೇಳಿಸಿತು. ಆಮೇಲೆ ಅವರ ದನಿ, ಎಂದಿನ ಹಾಗೆ, ಸ್ವಲ್ಪ ಸಿಡುಕಿನಿಂದ.

"ಲೇ, ದೀಪ ತಾರೇ."

ಯಾರೂ ಬರಲಿಲ್ಲ. ಬರುವವರು ಯಾರು?

ನಾನು ವಿಭೂತಿ ಬುಟ್ಟಿಯ ಹಿಂದೆ ಕೈಹಾಕಿ ತಡಕಿದೆ. ಅತ್ತೆಯ ಬೆಂಕಿಪೊಟ್ಟಣ ಅಲ್ಲೇ ಇತ್ತು. ಒಂದು ಕಡ್ಡಿ ಗೀರಿದೆ. ಹೊಸ್ತಿಲ ಮೇಲೆ, ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅವರು ನಿಂತಿದ್ದರು. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನ ಕೈಯ ಕಡ್ಡಿಯನ್ನು ನೋಡಿದರು.

"ಕಡ್ಡಿ ಯಾಕಮ್ಮ ಗೀರಿದ್ದು?" ಅಂದರು. "ನಂದಾದೀಪದಿಂದ ಹೊತ್ತಿಸ್ಕೋಬಾರದಾ?"

ಹೇಳಿದವರು, ನಾನು ಹೊತ್ತಿಸಿಕೊಳ್ಳಲಿ ಅಂತ, ಕತ್ತು ತಿರುಗಿಸಿ ದೀಪದ ಕಡೆ ನೋಡಿದರು. ಕಡ್ಡಿ ನನ್ನ ಬೆರಳಿನವರೆಗೂ ಉರಿದು ಬಂತು. ಅದು ಆರುವವರೆಗೂ ಅವರು ಆ ಕಡೆಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ ನಾನು ಅವರನ್ನು ನೋಡಲಿಲ್ಲ.